ಸವೆದ ಬಟ್ಟೆಯ ಲೆಕ್ಕ: ಕುಪ್ಪಸ, ಕೌದಿ ಮತ್ತು ಬಟ್ಟೆಯ ಮನೆ

(ಜವಳಿ ಕಲೆ ಮತ್ತು ವೇಷಭೂಷಣದ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬಟ್ಟೆಯಲ್ಲಿ ಮನೆಯ ನೆನಪನ್ನು ಇಡಬೇಕು ಎಂದರೆ ಹೊಸದಾಗಿ ಶುರು ಮಾಡುವವರು ಸಾಮಾನ್ಯವಾಗಿ ಕೋರಾ ಬಟ್ಟೆ ತಂದು ಅದರ ಮೇಲೆ ತುಳಸಿಕಟ್ಟೆ, ಹೆಂಚಿನ ಮನೆ, ಅಜ್ಜಿಯ ಮುಖ ಹೀಗೆ ಕಸೂತಿ ಹಾಕಲು ಕೂರುತ್ತಾರೆ. ನೋಡಲು ಚೆಂದವೇ. ಆದರೆ ಆ ಚಿತ್ರವನ್ನು ಕಾಗದದ ಮೇಲೂ ಬಿಡಿಸಬಹುದಿತ್ತಲ್ಲ, ಬಟ್ಟೆಯೇ ಏಕೆ ಬೇಕಾಯಿತು? ಕಾಗದಕ್ಕೆ ಇಲ್ಲದೆ ಬಟ್ಟೆಗೆ ಇರುವುದು ಸವೆತ. ಒಂದು ಮೈ ವರ್ಷಗಟ್ಟಲೆ ಉಟ್ಟು, ಒಗೆದು, ಒಣಗಿಸಿ, ಮಡಚಿದ್ದರಿಂದ ಎಳೆ ಎಲ್ಲಿ ತೆಳುವಾಯಿತು, ಎಲ್ಲಿ ಜಗ್ಗಿತು, ಎಲ್ಲಿ ಬಣ್ಣ ಬಿಟ್ಟಿತು ಎಂಬುದು ಬಟ್ಟೆಯಲ್ಲೇ ಉಳಿದಿರುತ್ತದೆ. ಅದನ್ನು ಗುರುತಿಸುವುದು, ಆಮೇಲೆ ಅದು ಹರಿದುಹೋಗದಂತೆ ಮತ್ತು ಮುಚ್ಚಿಹೋಗದಂತೆ ಹಿಡಿದಿಡುವುದು, ಇವತ್ತಿನ ಮಾತೆಲ್ಲ ಇಷ್ಟರ ಸುತ್ತಲೇ.

ಮೊದಲು ನೋಡುವುದನ್ನು ಕಲಿಯೋಣ. ದಿನಬಳಕೆಯ ಹತ್ತಿ ಸೀರೆಯನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿಯಿರಿ. ಕೆಳ ಅಂಚು ಹಿಮ್ಮಡಿಗೆ ತಾಕುವ ಕಡೆ ಮೊದಲು ಸವೆದಿರುತ್ತದೆ. ಫಾಲ್ ಹಚ್ಚಿದ್ದರೆ ಸೀರೆಗಿಂತ ಫಾಲ್ ಹೆಚ್ಚು ಹಾಳಾಗಿರುತ್ತದೆ. ನೆರಿಗೆ ಸಿಕ್ಕಿಸುವ ಸೊಂಟದ ಕಡೆ ಅಡ್ಡಡ್ಡ ಸುಕ್ಕು, ಮಾಸಲು ಬಣ್ಣ. ಎಡ ಹೆಗಲ ಮೇಲೆ ಬರುವ ಭಾಗದಲ್ಲಿ ಪಿನ್ನು ಚುಚ್ಚಿ ಚುಚ್ಚಿ ಆದ ತೂತುಗಳು ಒಂದೇ ಕಡೆ ಗುಂಪಾಗಿರುತ್ತವೆ. ಸೆರಗಿನ ತುದಿಯಲ್ಲಿ ಕೈ ಒರೆಸಿದ, ಬಿಸಿ ಪಾತ್ರೆ ಹಿಡಿದ ಗುರುತು. ಸೀರೆಯನ್ನು ಕೂಸಿಗೆ ಜೋಲಿ ಕಟ್ಟಿದ್ದರೆ ಗಂಟು ಬಿದ್ದ ಕಡೆ ಹಾಸಿನ ಎಳೆಗಳು, ಅಂದರೆ ಉದ್ದಕ್ಕೆ ಹೋಗುವ ಎಳೆಗಳು, ಪಕ್ಕಕ್ಕೆ ಸರಿದು ಜಾಳಾಗಿರುತ್ತವೆ, ಇಸ್ತ್ರಿ ಹಾಕಿದರೂ ಅವು ವಾಪಸು ಬರುವುದಿಲ್ಲ.

ಇಳಕಲ್ ಸೀರೆಯಲ್ಲಿ ಇನ್ನೊಂದು ವಿಶೇಷವಿದೆ. ಅದರ ಮೈ ಹತ್ತಿಯದಾದರೆ ಸೆರಗು ರೇಷ್ಮೆಯದು. ಎರಡರ ಹಾಸನ್ನು ಕೊಂಡಿ ಹಾಕಿ ಕೂಡಿಸಿರುತ್ತಾರೆ. ದಿನಾ ಉಟ್ಟಾಗ ಹತ್ತಿಯ ಮೈ ಮೊದಲು ಸೋಲುತ್ತದೆ. ಆದ್ದರಿಂದಲೇ ಎಷ್ಟೋ ಮನೆಗಳ ಟ್ರಂಕಿನಲ್ಲಿ ಕೆಂಪು ತೋಪು ತೆನಿ ವಿನ್ಯಾಸದ ಸೆರಗು ಮಾತ್ರ ಉಳಿದಿರುತ್ತದೆ. ಅದನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಕೊಂಡಿಯ ಗೆರೆಗೆ ಸರಿಯಾಗಿ ಕತ್ತರಿಸಬೇಡಿ. ಹತ್ತಿಯ ಕಡೆ ಕನಿಷ್ಠ ಐದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಹಿಂದೆ ಮೆತ್ತನೆಯ ಹಳೆ ಹತ್ತಿಯ ಪಟ್ಟಿ ಕೊಡಿ. ಕೊಂಡಿಯ ಮೇಲೆ ಭಾರ ಬಿದ್ದರೆ ಸೆರಗು ಕಿತ್ತು ಬರುವುದು ಅಲ್ಲೇ.

ಮೈಯ ದಾಖಲೆ ಎಂದು ನೋಡಿದರೆ ಸೀರೆಗಿಂತ ಕುಪ್ಪಸ ದೊಡ್ಡದು, ಆದರೆ ಕಲೆಯ ವಿದ್ಯಾರ್ಥಿಗಳು ಅದನ್ನು ತಿರುಗಿಸಿ ನೋಡುವುದು ಕಡಿಮೆ. ಸೀರೆ ಯಾರು ಉಟ್ಟರೂ ಒಂದೇ ಅಳತೆ, ಕುಪ್ಪಸ ಒಬ್ಬರದೇ. ಒಳಮಗ್ಗುಲು ಮಾಡಿ ಪಕ್ಕದ ಹೊಲಿಗೆ ನೋಡಿ. ನಮ್ಮ ಟೈಲರುಗಳು ಒಳಗೆ ಒಂದು, ಒಂದೂವರೆ ಇಂಚು ಮಾರ್ಜಿನ್ ಬಿಟ್ಟು ಎರಡು ಮೂರು ಸಾಲು ಹೊಲಿಗೆ ಹಾಕಿರುತ್ತಾರೆ. ಮೈ ತುಂಬಿಕೊಂಡಾಗ ಒಂದು ಸಾಲು ಬಿಚ್ಚಿದರೆ ಆಯಿತು, ಹೊಸ ಕುಪ್ಪಸ ಬೇಡ. ಬಿಚ್ಚಿದ ಸಾಲಿನ ಜಾಗದಲ್ಲಿ ಸೂಜಿಯ ತೂತುಗಳು ಉಳಿಯುತ್ತವೆ. ಅಷ್ಟು ದಿನ ಒಳಗೆ ಮಡಚಿಕೊಂಡಿದ್ದ ಪಟ್ಟಿ ಬಿಸಿಲು ಕಾಣದೆ ಇದ್ದುದರಿಂದ ಗಾಢ ಬಣ್ಣದಲ್ಲೇ ಇರುತ್ತದೆ. ಮದುವೆ, ಬಾಣಂತನ, ಕಾಯಿಲೆ, ವಯಸ್ಸು ಎಲ್ಲವೂ ಅರ್ಧ ಇಂಚಿನ ಲೆಕ್ಕದಲ್ಲಿ ಅಲ್ಲಿವೆ. ಎಡ ಬಲ ಎರಡೂ ಕಡೆ ಸಮನಾಗಿ ಬಿಚ್ಚಿಲ್ಲದಿದ್ದರೆ ಅದನ್ನೂ ಬರೆದುಕೊಳ್ಳಿ.

ಇಂಥ ಕುಪ್ಪಸದ ಹೊಲಿಗೆ ಬಿಚ್ಚದೆಯೇ ಅದರ ನಕ್ಷೆ ತೆಗೆಯಬಹುದು. ಥರ್ಮಾಕೋಲ್ ಹಲಗೆಯ ಮೇಲೆ ಕಂದು ಕಾಗದ ಹಾಸಿ, ಅದರ ಮೇಲೆ ಒಂದೊಂದೇ ಭಾಗವನ್ನು ಹಾಸು ನೆಟ್ಟಗೆ ಇರುವಂತೆ ಹರಡಿ. ಗುಂಡುಪಿನ್ನನ್ನು ಬಟ್ಟೆಯ ಎಳೆಗೆ ಚುಚ್ಚದೆ ಹೊಲಿಗೆಯ ತೂತಿನಲ್ಲೇ ಇಳಿಸಿ ಎರಡು ಸೆಂಟಿಮೀಟರಿಗೊಂದರಂತೆ ಗುರುತು ಮಾಡುತ್ತಾ ಹೋಗಿ. ಟಕ್ ಹಿಡಿದ ಕಡೆ ಬಟ್ಟೆ ಚಪ್ಪಟೆಯಾಗಿ ಕೂರುವುದಿಲ್ಲ. ಒತ್ತಿ ಕೂರಿಸಬೇಡಿ, ಟಕ್ಕಿನ ಒಂದು ಮಗ್ಗುಲು ಮುಗಿಸಿ ಬಟ್ಟೆಯನ್ನು ಹೊರಳಿಸಿ ಇನ್ನೊಂದು ಮಗ್ಗುಲಿಗೆ ಹೋಗಿ. ಎಡ ಭಾಗದ ನಕ್ಷೆಯನ್ನೇ ಮಗುಚಿ ಬಲಕ್ಕೆ ಬಳಸುವ ಅಭ್ಯಾಸ ಅಂಗಡಿಯ ಹೊಲಿಗೆಗೆ ಸರಿ. ಇಲ್ಲಿ ಬೇಡ, ಯಾರ ಎರಡು ಹೆಗಲೂ ಒಂದೇ ಎತ್ತರದಲ್ಲಿ ಇರುವುದಿಲ್ಲ. ಈ ನಕ್ಷೆಯಿಂದ ತೆಳು ಆರ್ಗಂಡಿಯಲ್ಲಿ ಇನ್ನೊಂದು ಕುಪ್ಪಸ ಹೊಲಿದು, ಬಿಚ್ಚಿದ ಹಳೆ ಸಾಲುಗಳನ್ನೂ ಬಣ್ಣದ ದಾರದಲ್ಲಿ ತೋರಿಸಿದರೆ ಮೈ ಬದಲಾದ ಗೆರೆಗಳು ಒಂದರ ಪಕ್ಕ ಒಂದು ಕಾಣುತ್ತವೆ. ಮೂಲ ಕುಪ್ಪಸಕ್ಕೆ ಕತ್ತರಿ ತಾಕುವುದಿಲ್ಲ.

ಕಂಕುಳಿನ ಕಲೆಯ ಬಗ್ಗೆ ಎಲ್ಲರಿಗೂ ಮುಜುಗರ. ಅದನ್ನು ತೆಗೆಯಲು ಬ್ಲೀಚ್ ಹಾಕಿದರೆ ಬೆವರಿನಿಂದ ಮೊದಲೇ ಬಲಹೀನವಾದ ಎಳೆ ಪುಡಿಯಾಗುತ್ತದೆ. ನನ್ನ ಮಟ್ಟಿಗೆ ಆ ಕಲೆ ಇರಬೇಕು. ಆ ಕುಪ್ಪಸದಲ್ಲಿ ಅಷ್ಟು ನೇರವಾಗಿ ಮೈಯಿಂದಲೇ ಬಂದದ್ದು ಬೇರೆ ಏನಿದೆ?

ಇನ್ನು ಬಟ್ಟೆಯ ಗಟ್ಟಿತನದ ಪರೀಕ್ಷೆ. ಎರಡು ಹೆಬ್ಬೆರಳನ್ನು ಜೋಡಿಸಿ ಬಟ್ಟೆ ಹಿಡಿದು ಮೆಲ್ಲಗೆ ಹೊರಕ್ಕೆ ಎಳೆಯಿರಿ, ಒಮ್ಮೆ ಹಾಸಿನ ದಿಕ್ಕಿಗೆ, ಒಮ್ಮೆ ಹೊಕ್ಕಿನ, ಅಂದರೆ ಅಡ್ಡ ಎಳೆಯ ದಿಕ್ಕಿಗೆ. ಚರ್ ಎಂದರೆ ಆ ಭಾಗ ಮೇಲ್ಪದರಕ್ಕೆ ಆಗುವುದಿಲ್ಲ, ಒಳಪದರಕ್ಕೆ ಹಾಕಿ. ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಒದ್ದೆ ಮಾಡಿದ ಬಿಳಿ ಹತ್ತಿ ಚೂರನ್ನು ಒಂದು ಮೂಲೆಯ ಮೇಲೆ ಐದು ನಿಮಿಷ ಒತ್ತಿ ಇಡಿ. ಚೂರು ಬಣ್ಣಕ್ಕೆ ತಿರುಗಿದರೆ ಆ ಬಟ್ಟೆಯನ್ನು ಬೇರೆಯವುಗಳ ಜೊತೆ ಒದ್ದೆ ಮಾಡಲೇಬಾರದು. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತು ಮನೆಮನೆಯಲ್ಲಿದೆ. ಒಮ್ಮೆ ಬಣ್ಣ ಹಾಕಿ ಮುಗಿದ ಬಟ್ಟೆಗೆ ಉಪ್ಪು ಏನೂ ಮಾಡುವುದಿಲ್ಲ. ಗಂಜಿ ಹಾಕಿದ ಬಟ್ಟೆಯನ್ನು ಮಾತ್ರ ತಣ್ಣೀರಿನಲ್ಲಿ ಎರಡು ಮೂರು ಸಲ ಅದ್ದಿ ಗಂಜಿ ಬಿಡಿಸಲೇಬೇಕು. ಬೆಳ್ಳಿಹುಳ, ಜಿರಲೆ ಎರಡೂ ಗಂಜಿಗೇ ಬರುವುದು. ಜರಿ ಇದ್ದರೆ ನೀರೇ ಬೇಡ.

ಈಗ ಕೌದಿಗೆ ಬರೋಣ. ಉತ್ತರ ಕರ್ನಾಟಕದಲ್ಲಿ ಕೌದಿ, ಗಡಿಯಾಚೆ ಮರಾಠಿಯಲ್ಲಿ ಗೋಧಡಿ, ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೈಯಲ್ಲಿ ಕವಂದಿ. ಹಳೆ ಸೀರೆ, ಧೋತರ, ಅಂಗಿಗಳ ಪದರ ಹಾಕಿ ಕೈಯಲ್ಲಿ ಹೊಲಿದ ಹಾಸಿಗೆ ಅಥವಾ ಹೊದಿಕೆ. ಮೈಗೆ ಉಟ್ಟದ್ದು ಮನೆಯ ಹಾಸಿಗೆಯಾಗಿ ಮತ್ತೆ ಮೈಯ ಕೆಳಗೆ ಬರುತ್ತದೆ. ಮನೆ, ಮೈ, ನೆನಪು ಎಂದು ಬೇರೆ ಬೇರೆಯಾಗಿ ಹೇಳುವ ಅಗತ್ಯವೇ ಇಲ್ಲದ ವಸ್ತು ಇದು.

ಅಳತೆಯನ್ನು ನೋಡಿ. ಐದೂವರೆ ಮೀಟರ್ ಸೀರೆಯನ್ನು ಉದ್ದಕ್ಕೆ ಮೂರಾಗಿ ಮಡಚಿದರೆ ಸುಮಾರು 183 ಸೆಂಟಿಮೀಟರ್ ಉದ್ದ, 115 ಸೆಂಟಿಮೀಟರ್ ಅಗಲ, ಮೂರು ಪದರ. ಒಬ್ಬರು ಮಲಗುವ ಜಾಗ. ಎರಡು ಸೀರೆ ಹಾಕಿದರೆ ಆರು ಪದರ. ಸೀರೆಗೆ 400ರಿಂದ 500 ಗ್ರಾಂ ಹಿಡಿದು ಮೇಲಿನ ತೇಪೆ ಸೇರಿಸಿದರೆ ಒಂದೂವರೆ ಕಿಲೋ ಹತ್ತಿರ ಬರುತ್ತದೆ. ಅಮೆರಿಕದಲ್ಲಿ ಏಡ್ಸ್‌ನಿಂದ ಸತ್ತವರಿಗಾಗಿ ಅವರ ಆಪ್ತರು ಹೊಲಿದ ದೊಡ್ಡ ಕೌದಿಯನ್ನು 1987ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಮೊದಲ ಸಲ ಹಾಸಿದಾಗ 1,920 ತುಂಡುಗಳಿದ್ದವು. ಒಂದೊಂದು ತುಂಡೂ ಮೂರು ಅಡಿ ಅಗಲ, ಆರು ಅಡಿ ಉದ್ದ, ಅಂದರೆ ಒಂದು ಸಮಾಧಿಯ ಅಳತೆ. ಆರು ಅಡಿ ಎಂದರೂ 183 ಸೆಂಟಿಮೀಟರೇ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪದ್ಧತಿಗಳು ಮಲಗಿದ ಮನುಷ್ಯನನ್ನು ಅಳೆಯಲು ಹೋಗಿ ಒಂದೇ ಅಂಕಿಗೆ ಬಂದಿವೆ. ಪ್ರದರ್ಶನದ ಗೋಡೆಗೆ ಹೊಂದಲಿ ಎಂದು ಕೌದಿಯನ್ನು ಒಂದು ಮೀಟರ್ ಚೌಕಕ್ಕೆ ಇಳಿಸುವವರಿಗೆ ಇದನ್ನು ನೆನಪಿಸಬೇಕಾಗುತ್ತದೆ. ಅಳತೆ ಬಿಟ್ಟರೆ ಮೈ ಬಿಟ್ಟಂತೆ.

ಹೊಲಿಯುವ ಕ್ರಮದಲ್ಲಿ ಎರಡು ದಾರಿಗಳಿವೆ. ಪಶ್ಚಿಮದ ಕ್ವಿಲ್ಟ್ ಹೊಲಿಯುವವರು ಸಾಮಾನ್ಯವಾಗಿ ಮೇಲ್ಪದರವನ್ನು ಮೊದಲೇ ಪೂರ್ತಿ ಜೋಡಿಸಿಕೊಂಡು, ನಡುವಿನಿಂದ ಹೊಲಿಯುತ್ತಾ ಅಂಚಿಗೆ ಬರುತ್ತಾರೆ. ಹೆಚ್ಚಾದ ಬಟ್ಟೆ ಹೊರಕ್ಕೆ ಸರಿಯುತ್ತದೆ, ಕೊನೆಗೆ ಅಂಚು ಕತ್ತರಿಸಿ ಪಟ್ಟಿ ಕೊಡುತ್ತಾರೆ. ಕವಂದಿಯಲ್ಲಿ ಇದು ತಿರುವುಮುರುವು. ತಳದ ಸೀರೆಯ ಅಂಚನ್ನು ಒಂದು ಸೆಂಟಿಮೀಟರ್ ಒಳಕ್ಕೆ ಮಡಚಿ, ತೇಪೆಯ ಅಂಚನ್ನೂ ಮಡಚಿ, ಎರಡನ್ನೂ ಸೇರಿಸಿ ಒಂದು ಮೂಲೆಯಿಂದ ರನ್ನಿಂಗ್ ಹೊಲಿಗೆ ಶುರು. ಸುತ್ತು ಬರುತ್ತಾ ಬರುತ್ತಾ ಹೊಸ ತೇಪೆಗಳನ್ನು ಹಳೆಯದರ ಮೇಲೆ ತುಸು ಹತ್ತಿಸಿ ಇಟ್ಟುಕೊಂಡು ಒಳಕ್ಕೆ ಹೋಗುತ್ತಾರೆ. ಕೊನೆಯ ತೇಪೆ ನಡುವಿನಲ್ಲಿ ಬೀಳುತ್ತದೆ. ನಾಲ್ಕು ಮೂಲೆಗಳಲ್ಲಿ ಚಿಕ್ಕ ಬಟ್ಟೆ ಮಡಚಿ ಹಚ್ಚಿದ ಫುಲಾ, ಅಂದರೆ ಹೂಗಳು. ಅವಿಲ್ಲದಿದ್ದರೆ ಕವಂದಿ ಬತ್ತಲೆ ಎಂದು ಹೊಲಿಯುವವರು ಹೇಳುತ್ತಾರೆ.

ಅಂಚಿನಿಂದ ಒಳಕ್ಕೆ ಹೋದರೆ ಹೆಚ್ಚಿನ ಬಟ್ಟೆ ನಡುವೆ ಉಬ್ಬಬೇಕಲ್ಲವೇ? ಉಬ್ಬುತ್ತದೆ, ಮೇಲಿನ ಪದರವನ್ನು ಮೊದಲೇ ಒಂದೇ ತುಂಡಾಗಿ ಜೋಡಿಸಿಟ್ಟಿದ್ದರೆ. ಕವಂದಿಯಲ್ಲಿ ಮೇಲ್ಪದರ ಮೊದಲೇ ಇರುವುದಿಲ್ಲ. ಸುತ್ತು ಬಂದ ಹಾಗೆ ಅದು ಬೆಳೆಯುತ್ತದೆ, ಸಡಿಲ ಕಂಡರೆ ಮುಂದಿನ ತೇಪೆಯ ಮಡಿಕೆಯಲ್ಲಿ ಅದನ್ನು ನುಂಗಿಸಬಹುದು. ಪುಸ್ತಕದ ನಕ್ಷೆ ಇಟ್ಟುಕೊಂಡು ಚೌಕಗಳನ್ನೆಲ್ಲ ಜೋಡಿಸಿ ಆಮೇಲೆ ಅಂಚಿನಿಂದ ಹೊಲಿಯುವವರ ಕೆಲಸ ಕೆಡುವುದು ಇಲ್ಲೇ. ಕೆಳಗಿನ ಪದರಗಳಿಗೆ ಮಾತ್ರ ಹತ್ತರಿಂದ ಹದಿನೈದು ಸೆಂಟಿಮೀಟರ್ ಅಂತರದಲ್ಲಿ ಅಡ್ಡ ಉದ್ದ ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ನೆಲದ ಮೇಲೆ ಹಾಸಿ, ಮೂಲೆಗೆ ಕಲ್ಲಿಟ್ಟು ಹಾಕಬೇಕು. ಮೇಜಿನ ಮೇಲೆ ಹಾಸಿದರೆ ಇಳಿಬಿದ್ದ ತುದಿ ತಳದ ಪದರವನ್ನು ಎಳೆಯುತ್ತಿರುತ್ತದೆ.

ದಾರದ ಆಯ್ಕೆಯಲ್ಲಿ ಆಗುವ ತಪ್ಪು ಎಲ್ಲಕ್ಕಿಂತ ದುಬಾರಿ. ಹಳೆ ಬಟ್ಟೆ ಬಲಹೀನ, ಆದ್ದರಿಂದ ಗಟ್ಟಿ ದಾರ ಬೇಕು ಎಂದು ಪಾಲಿಯೆಸ್ಟರ್ ದಾರ ತರುತ್ತಾರೆ. ಎಳೆತ ಬಿದ್ದಾಗ ಎರಡರಲ್ಲಿ ಒಂದು ಹರಿಯಲೇಬೇಕು. ದಾರ ಬಟ್ಟೆಗಿಂತ ಗಟ್ಟಿಯಾದರೆ ಅದು ಹಳೆ ಹತ್ತಿಯನ್ನು ಕೊಯ್ಯುತ್ತದೆ. ದಾರ ಹರಿದರೆ ಇನ್ನೊಮ್ಮೆ ಹೊಲಿಯಬಹುದು, ಕೊಯ್ದ ಬಟ್ಟೆಗೆ ಮದ್ದಿಲ್ಲ. ಪೂರಾ ಹತ್ತಿಯ ದಾರ, ಎರಡೆಳೆ ಸಾಕು. ಹೊಲಿಗೆ ಐದರಿಂದ ಎಂಟು ಮಿಲಿಮೀಟರ್ ಉದ್ದ, ಸಾಲಿನಿಂದ ಸಾಲಿಗೆ ಒಂದೂವರೆ ಸೆಂಟಿಮೀಟರ್. ಈ ಲೆಕ್ಕದಲ್ಲಿ ಒಬ್ಬರ ಕೌದಿಗೆ ಸುಮಾರು 140 ಮೀಟರ್ ಉದ್ದದ ಹೊಲಿಗೆ ಬೀಳುತ್ತದೆ. ಎರಡೆಳೆಗೆ, ಗಂಟು ಮತ್ತು ಉಳಿಕೆ ಸೇರಿ, 320 ಮೀಟರ್ ದಾರ ಇಟ್ಟುಕೊಳ್ಳಿ. ಸಾಲು ಮೂರು ಸೆಂಟಿಮೀಟರ್ ದೂರ ಹೋದರೆ ಒಗೆದಾಗ ಒಳಪದರ ಮುದ್ದೆಯಾಗುತ್ತದೆ. ದಾರ ಬಿಗಿದು ಎಳೆದರೆ ಕೌದಿ ಅಡಿಗೆ ಒಂದೆರಡು ಇಂಚು ಕುಗ್ಗಿ ಗಡುಸಾಗುತ್ತದೆ. ಸೂಜಿ ಉದ್ದವಿರಲಿ, ದಪ್ಪ ಬೇಡ. ಚೀಲ ಹೊಲಿಯುವ ದಬ್ಬಣ ಹಳೆ ಎಳೆಯನ್ನು ಸರಿಸುವ ಬದಲು ಮುರಿದುಬಿಡುತ್ತದೆ.

ನಾಲ್ಕು ಜನ ನಾಲ್ಕು ಕಡೆ ಕೂತು ಹೊಲಿದ ಕೌದಿಯಲ್ಲಿ ನಾಲ್ಕು ಕೈ ಬೇರೆ ಬೇರೆಯಾಗಿ ಕಾಣುತ್ತದೆ. ಸಮ ಮಾಡಲು ಹೋಗಬೇಡಿ.

ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಮನೆಯವರನ್ನು ಕೇಳಿ. ತೀರಿಕೊಂಡವರ ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳದ ಕುಟುಂಬಗಳಿವೆ, ಅದನ್ನು ಕೌದಿಗೆ ಹಾಕಿ ಮೇಲೆ ಮಲಗುವವರೂ ಇದ್ದಾರೆ. ಒಂದೇ ಮನೆಯಲ್ಲಿ ಅಕ್ಕ ಒಂದು ಹೇಳಿದರೆ ತಮ್ಮ ಇನ್ನೊಂದು ಹೇಳಬಹುದು. ಕತ್ತರಿಸುವುದೇ ಬೇಡ ಎಂದರೆ ಸೀರೆಯನ್ನು ಇಡಿಯಾಗಿ ಮಡಚಿ ತಳಕ್ಕೆ ಹಾಕಿ. ಹೊಲಿಗೆ ಬಿಚ್ಚಿದರೆ ಮತ್ತೆ ಸೀರೆಯಾಗಿ ಸಿಗುತ್ತದೆ.

ಕತ್ತರಿಸಿಯೂ ಇಟ್ಟುಕೊಳ್ಳುವುದು ಹೇಗೆ ಎಂಬುದಕ್ಕೆ ಕಲಾವಿದೆ ಲೂಯಿಸ್ ಬೂರ್ಜ್ವಾ ಅವರ ಕೆಲಸ ನೋಡಬೇಕು. 1911ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಇವರ ಮನೆಯ ಕಸುಬೇ ಹಳೆ ಚಿತ್ರಗಂಬಳಿಗಳನ್ನು ರಿಪೇರಿ ಮಾಡುವುದು. ಎಂಬತ್ತು ದಾಟಿದ ಮೇಲೆ ಇವರು ತಮ್ಮದೇ ಹಳೆ ಉಡುಪು, ಹಾಸಿಗೆ ಬಟ್ಟೆ, ಟವೆಲ್ಲುಗಳನ್ನು ಕಲೆಗೆ ಬಳಸತೊಡಗಿದರು. 1996ರ ಒಂದು ಕೃತಿಯಲ್ಲಿ ತೆಳುವಾದ ಒಳಉಡುಪುಗಳನ್ನು ದನದ ಮೂಳೆಗಳಿಗೆ ತೂಗುಹಾಕಿದ್ದಾರೆ. ಹ್ಯಾಂಗರ್ ಇರಬೇಕಾದ ಜಾಗದಲ್ಲಿ ಮೂಳೆ. 2002ರಲ್ಲಿ ತಮ್ಮ ಮದುವೆಯ ಕಾಲದ, ಹೆಸರಿನ ಅಕ್ಷರ ಹೊಲಿದಿದ್ದ ಕೈ ಒರೆಸುವ ಲಿನನ್ ಟವೆಲ್ಲುಗಳನ್ನೇ ಪುಟ ಮಾಡಿ, ಉಡುಪಿನ ಚೂರುಗಳನ್ನು ಹಚ್ಚಿ ಒಂದು ಬಟ್ಟೆಯ ಪುಸ್ತಕ ಮಾಡಿದರು. ಅಲ್ಲಿ ಮುಖವಿಲ್ಲ, ಮನೆಯ ಚಿತ್ರವಿಲ್ಲ. ಹೆಚ್ಚಾಗಿ ಗೆರೆ, ಚೌಕ, ಸುತ್ತುಗಳೇ. ಬಟ್ಟೆಗೆ ಆಗಿದ್ದ ಹಳೆ ಕಲೆಗಳು ಇದ್ದ ಹಾಗೇ ಇವೆ. ಬಟ್ಟೆಯೇ ಸಾಕಷ್ಟು ಹೇಳುತ್ತಿರುವಾಗ ಅದರ ಮೇಲೆ ಚಿತ್ರದ ಹೊರೆ ಹಾಕಲಿಲ್ಲ ಎಂಬುದನ್ನು ಗಮನಿಸಿ.

ಮನೆಯನ್ನೇ ಬಟ್ಟೆಯಲ್ಲಿ ಹೊಲಿದವರು ಕೊರಿಯಾದ ಕಲಾವಿದ ಡೊ ಹೊ ಸುಹ್. ಸೋಲ್ ನಗರದಲ್ಲಿದ್ದ ತಂದೆತಾಯಿಯ ಸಾಂಪ್ರದಾಯಿಕ ಮನೆಯನ್ನು 1999ರಲ್ಲಿ ಅರೆಪಾರದರ್ಶಕ ರೇಷ್ಮೆಯಲ್ಲಿ, ನಿಜ ಅಳತೆಯಲ್ಲೇ ಹೊಲಿದು ಮೇಲಿನಿಂದ ತೂಗುಹಾಕಿದರು. ಮಡಚಿ ಪೆಟ್ಟಿಗೆಯಲ್ಲಿ ಒಯ್ಯಬಹುದಾದ ಮನೆ. ಯಾವ ಊರಲ್ಲಿ ತೋರಿಸಿದರೋ ಆ ಊರಿನ ಹೆಸರು ಕೃತಿಯ ಶೀರ್ಷಿಕೆಗೆ ಸೇರುತ್ತಾ ಹೋಯಿತು.

ಇಡೀ ಮನೆಯ ಹುಚ್ಚಿಗೆ ನೀವು ಬೀಳಬೇಡಿ. ಒಂದು ಕಿಟಕಿ, ಒಂದು ಗೋಡೆಗೂಡು, ಹೊಸ್ತಿಲಿನಿಂದ ಮೊಣಕಾಲೆತ್ತರದ ಬಾಗಿಲು, ಇಷ್ಟರಲ್ಲಿ ಯಾವುದಾದರೂ ಒಂದು ಸಾಕು. ಅಳತೆಯನ್ನು ಟೇಪಿನಿಂದ ತೆಗೆದರೂ ತೆಳು ಕಾಗದ ಒತ್ತಿ ಇದ್ದಿಲು ಉಜ್ಜಿ ಅಚ್ಚನ್ನೂ ತೆಗೆದುಕೊಳ್ಳಿ. ಚಿಲಕದ ಸುತ್ತ ಕೈ ಉಜ್ಜಿ ತಗ್ಗಾದದ್ದು ಟೇಪಿಗೆ ಸಿಗುವುದಿಲ್ಲ. ಬಟ್ಟೆ ಕತ್ತರಿಸುವಾಗ ಹಾಸು ಮೇಲಿನಿಂದ ಕೆಳಕ್ಕೆ ಇರಬೇಕು. ಓರೆಯಾಗಿ ಕತ್ತರಿಸಿದ ತುಂಡು ತೂಗುಬಿಟ್ಟ ಮೇಲೆ ದಿನದಿನಕ್ಕೂ ಉದ್ದವಾಗುತ್ತದೆ, ಚೌಕದ ಕಿಟಕಿ ಸೊಟ್ಟಗಾಗುತ್ತದೆ. ಎರಡು ದಿನ ತೂಗಲು ಬಿಟ್ಟು ಆಮೇಲೆಯೇ ಕೆಳ ಅಂಚು ಮಡಚಿ. ಅರೆಪಾರದರ್ಶಕ ಬಟ್ಟೆಯಲ್ಲಿ ಒಳಗಿನ ಬಿಡಿ ಅಂಚೆಲ್ಲ ಬೆಳಕಿಗೆ ಕಾಣುವುದರಿಂದ ಫ್ರೆಂಚ್ ಸೀಮ್ ಹಾಕಬೇಕು. ಮೊದಲು ಹೊರಮಗ್ಗುಲಿನಿಂದ ಐದು ಮಿಲಿಮೀಟರಿಗೆ ಹೊಲಿದು, ಅಂಚನ್ನು ಮೂರಕ್ಕೆ ಕತ್ತರಿಸಿ, ತಿರುಗಿಸಿ ಒಳಮಗ್ಗುಲಿನಿಂದ ಆರೇಳು ಮಿಲಿಮೀಟರಿಗೆ ಇನ್ನೊಂದು ಸಾಲು. ಹೀಗಾಗಿ ಕತ್ತರಿಸುವಾಗಲೇ ಪ್ರತಿ ಪಕ್ಕಕ್ಕೆ ಹನ್ನೆರಡು ಮಿಲಿಮೀಟರ್ ಬಿಟ್ಟಿರಬೇಕು.

ವೇಷಭೂಷಣದ ಕಡೆಯವರಿಗೆ ಒಂದು ಮಾತು. ಬಡಗುತಿಟ್ಟಿನ ಯಕ್ಷಗಾನದ ಮುಂಡಾಸನ್ನು ಆಟದ ರಾತ್ರಿ ತಲೆಗೆ ಕಟ್ಟಿ, ಆಟ ಮುಗಿದ ಮೇಲೆ ಬಿಚ್ಚುತ್ತಾರೆ. ಪೆಟ್ಟಿಗೆಯಲ್ಲಿ ಇರುವುದು ಬಟ್ಟೆ, ಆಕಾರ ಇರುವುದು ಕಟ್ಟುವ ಕೈಯಲ್ಲಿ. ಅದನ್ನು ಕಟ್ಟಿದ ಸ್ಥಿತಿಯಲ್ಲೇ ಅಂಟು ಹಾಕಿ ಗಾಜಿನೊಳಗೆ ಇಟ್ಟರೆ ಉಳಿಯುವುದು ಬಟ್ಟೆ ಮಾತ್ರ. ಬಿಚ್ಚಿ ಇಡಿ, ಪಕ್ಕದಲ್ಲಿ ಕಟ್ಟುವ ಕ್ರಮವನ್ನು ಹಂತ ಹಂತವಾಗಿ ಚಿತ್ರೀಕರಿಸಿ ತೋರಿಸಿ. ಖಾಲಿ ಉಡುಪನ್ನು ಮೈ ಇದ್ದಂತೆ ನಿಲ್ಲಿಸಬೇಕಾದರೂ ಅಂಟು ಬೇಡ, ಗಂಜಿಯೂ ಬೇಡ. ಅಂಟು ಹಳದಿಗೆ ತಿರುಗುತ್ತದೆ, ಬಿಡಿಸಲು ಬರುವುದಿಲ್ಲ. ಒಳಗೆ ಆರ್ಗಂಡಿಯ ಅಸ್ತರಿ ಬೇರೆ ಹೊಲಿದು, ಅದರ ಅಂಚಿನಲ್ಲಿ ಸ್ಟೇನ್‌ಲೆಸ್ ಸ್ಟೀಲ್ ತಂತಿ ತೂರಿಸಿ, ಉಡುಪನ್ನು ಅದರ ಮೇಲೆ ಸುಮ್ಮನೆ ತೊಡಿಸಿ. ಕಬ್ಬಿಣದ ತಂತಿ ಮಳೆಗಾಲದಲ್ಲಿ ತುಕ್ಕು ಹಿಡಿದು ಬಟ್ಟೆಗೆ ಕಂದು ಗೆರೆ ಎಳೆಯುತ್ತದೆ.

ತೂಗುಹಾಕುವುದು: ಒಂದೂವರೆ ಕಿಲೋ ಕೌದಿಯನ್ನು ಎರಡು ಮೂಲೆಗೆ ರಿಂಗ್ ಹಾಕಿ ನೇತುಬಿಟ್ಟರೆ ಅಷ್ಟೂ ಭಾರ ಎರಡು ಬಿಂದುವಿನ ಮೇಲೆ. ಮೇಲಿನ ಅಂಚಿನ ಹಿಂದೆ, ಇಡೀ ಅಗಲಕ್ಕೆ, ಹತ್ತು ಸೆಂಟಿಮೀಟರ್ ಎತ್ತರದ ಹತ್ತಿಯ ತೋಳು ಹೊಲಿದು ಕೋಲು ತೂರಿಸಿ. ಹೊಲಿಗೆ ತಳದ ಪದರದ ಜೊತೆ ಒಂದೆರಡು ಒಳಪದರವನ್ನೂ ಹಿಡಿದಿರಬೇಕು. ಬೆಳಕು 50 ಲಕ್ಸ್ ಮೀರದಿರಲಿ, ವಸ್ತುಸಂಗ್ರಹಾಲಯಗಳು ಬಟ್ಟೆಗೆ ಇಟ್ಟುಕೊಂಡ ಮಿತಿ ಅದೇ. ಸಾಧ್ಯವಾದರೆ ನೇತುಹಾಕಲೇಬೇಡಿ. ಮಂಚದ ಎತ್ತರದಲ್ಲಿ ಹಾಸಿ ತೋರಿಸಿದ ಕೌದಿಯ ಮುಂದೆ ಜನ ಬಾಗುತ್ತಾರೆ, ಗೋಡೆಯ ಮೇಲಿದ್ದರೆ ಚಿತ್ರ ನೋಡಿದ ಹಾಗೆ ನೋಡಿ ಮುಂದೆ ಹೋಗುತ್ತಾರೆ.

ಎಲ್ಲರಿಗೂ ಮುಟ್ಟಬೇಕು ಎನ್ನಿಸುತ್ತದೆ, ತಡೆಯುವುದು ಕಷ್ಟ. ಅದೇ ಬಟ್ಟೆ, ಅದೇ ಪದರ, ಅದೇ ದಾರದಲ್ಲಿ 30 ಸೆಂಟಿಮೀಟರ್ ಚೌಕದ ತುಂಡೊಂದನ್ನು ಹೊಲಿದು ಪಕ್ಕದಲ್ಲಿ ಇಟ್ಟರೆ ಕೈಗಳು ಅದಕ್ಕೆ ಹೋಗುತ್ತವೆ.

ಎತ್ತಿಡುವಾಗ ಮಡಚುವುದಕ್ಕಿಂತ ಸುತ್ತುವುದು ಮೇಲು. ಮಡಚಲೇಬೇಕಾದರೆ ಮೂರು ತಿಂಗಳಿಗೊಮ್ಮೆ ಬೇರೆ ಗೆರೆಗೆ ಮಡಚಿ, ರೇಷ್ಮೆ ಸೀರೆಗೆ ಮಾಡುವ ಹಾಗೆ. ಮಲೆನಾಡು, ಕರಾವಳಿಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟರೆ ಬೂಷ್ಟು ಖಂಡಿತ, ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಒಣಗಿದ ಬೇವಿನ ಸೊಪ್ಪು, ಬಜೆ ಬೇರನ್ನು ಪುಟ್ಟ ಗಂಟು ಕಟ್ಟಿ ಪಕ್ಕದಲ್ಲಿ ಇಡಬಹುದು, ಬಟ್ಟೆಗೆ ತಾಗಬಾರದು. ಹುಳ ಬಿದ್ದ ಬಟ್ಟೆ ಬಂದರೆ ಮಾತ್ರ ಪ್ಲಾಸ್ಟಿಕ್ ಬೇಕು. ಗಾಳಿ ತೆಗೆದು ಬಿಗಿಯಾಗಿ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟು, ಹೊರಗೆ ತೆಗೆದ ಮೇಲೆ ಒಂದು ಪೂರ್ತಿ ದಿನ ಬಿಟ್ಟು ಚೀಲ ಬಿಚ್ಚಿ. ತಕ್ಷಣ ಬಿಚ್ಚಿದರೆ ತಣ್ಣಗಿನ ಬಟ್ಟೆಯ ಮೇಲೆ ನೀರು ಕೂರುತ್ತದೆ.

ಕೊನೆಯದಾಗಿ, ಹಿಂಬದಿಯ ಪಟ್ಟಿ. ಯಾವ ತುಂಡು ಯಾರ ಬಟ್ಟೆಯದು, ಯಾವ ಊರಿನದು, ಹೊಲಿದವರು ಯಾರು, ಯಾವ ವರ್ಷ, ನೀರಿಗೆ ಹಾಕಬಹುದೇ ಇಲ್ಲವೇ, ಇಷ್ಟನ್ನು ಹತ್ತಿಯ ಟೇಪಿನ ಮೇಲೆ ಬರೆಯಿರಿ. ಬಾಲ್‌ಪೆನ್ ಬೇಡ, ಅದರ ಶಾಯಿ ಹರಡುತ್ತದೆ. ಒಗೆದರೂ ಹೋಗದ ಬಟ್ಟೆಯ ಮಾರ್ಕರ್ ಬಳಸಿ. ಬರೆದ ಟೇಪನ್ನು ಮೊದಲು ಒಂದು ಸಲ ಬೇರೆಯಾಗಿ ಒಗೆದು ಒಣಗಿಸಿ ನೋಡಿ, ಆಮೇಲೆ ತಳದ ಪದರಕ್ಕೆ ಮಾತ್ರ ತಾಕುವಂತೆ ಹೊಲಿಯಿರಿ. ಮನೆಯವರು ಹೆಸರು ಬೇಡ ಎಂದರೆ ಅಮ್ಮ, ಸೋದರತ್ತೆ, ದೊಡ್ಡಪ್ಪ ಎಂದಷ್ಟೇ ಬರೆದರೂ ನಡೆಯುತ್ತದೆ.